ಗಾಬ್ಲಿನ್‌ಗೆ ಕೇಳಿದ ಐದು ಪ್ರಶ್ನೆಗಳು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಅದರ 2014ರ ಆವೃತ್ತಿಯಲ್ಲಿ ಗಾಬ್ಲಿನ್ ಎಂಬ ಕುಳ್ಳ ಜೀವಿಗೆ ಇರುವುದು 7 ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿಯ ಲೆಕ್ಕ. ಕತ್ತಿಯ ಒಂದು ಒಳ್ಳೆಯ ಏಟಿಗೆ ಅದರ ಕಥೆ ಮುಗಿಯುತ್ತದೆ, ತಂಡಕ್ಕೆ 50 ಅಂಕ ಸಿಗುತ್ತದೆ. ಅಂಕ ಕೂಡಿದಂತೆ ಪಾತ್ರ ಬಲಿಯುತ್ತದೆ, ಇನ್ನಷ್ಟು ಸಲೀಸಾಗಿ ಕೊಲ್ಲುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಹೆಚ್ಚು ಅಂಕ ಬರುತ್ತಿದ್ದುದು ಹೊತ್ತು ತಂದ ಚಿನ್ನಕ್ಕೆ. ಜಾಣರು ಕಾದಾಟ ತಪ್ಪಿಸಿಕೊಂಡೇ ಆಡುತ್ತಿದ್ದರು. ಮುಂದೆ ಚಿನ್ನದ ಲೆಕ್ಕ ಹಿಂದೆ ಸರಿದು ಎದುರಾಳಿಯನ್ನು ಸೋಲಿಸುವುದೇ ಮುಖ್ಯವಾಯಿತು. ಓಡಿಸಿದರೂ ಸೆರೆಹಿಡಿದರೂ ಅದು ಗೆಲುವೇ. ಆದರೂ ಮೇಜಿನ ಸುತ್ತ ಕುಳಿತವರು ಕೊಲ್ಲುತ್ತಾರೆ. ಸೆರೆಯಾಳಿಗೆ ಊಟ ಹಾಕಬೇಕು, ಕಾವಲಿರಬೇಕು. ಸತ್ತವನಿಂದ ಯಾವ ತಾಪತ್ರಯವೂ ಇಲ್ಲ.

ನಮ್ಮ ಮಹಾಭಾರತ ಹದಿನೆಂಟು ದಿನಗಳ ಯುದ್ಧ ಮುಗಿಸಿ ಸುಮ್ಮನಾಗುವುದಿಲ್ಲ; ಹೆಣಗಳ ನಡುವೆ ಅಳುವ ಹೆಂಗಸರಿಗಾಗಿ ಒಂದು ಇಡೀ ಸ್ತ್ರೀಪರ್ವವನ್ನೇ ಇಟ್ಟಿದೆ. ಕಥೆ ಹೇಳುತ್ತ, ಎದುರಾಳಿಗಳ ಪರವಾಗಿ ಮಾತಾಡುತ್ತ ಆಟ ನಡೆಸಲು ಕುಳಿತಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಕೊಂದವರ ಬೆನ್ನಿಗೆ ರಾಜಭಟರನ್ನು ಬಿಡುವುದು ಅನೇಕರ ರೂಢಿ. ನನಗದು ಒಪ್ಪಿಗೆಯಿಲ್ಲ. ಭಟರೂ ಒಂದಿಷ್ಟು ಹಿಟ್ ಪಾಯಿಂಟ್‌ಗಳೇ ತಾನೆ? ಇನ್ನೊಂದು ಕಾದಾಟ, ಇನ್ನೊಂದಿಷ್ಟು ಅಂಕ.

ಮಳೆಗಾಲದ ಒಂದು ಭಾನುವಾರ ಬೆಂಗಳೂರಿನಲ್ಲಿ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಕಣಿವೆಯ ತೂಗುಸೇತುವೆಯ ಬಳಿ ಗಾಬ್ಲಿನ್‌ಗಳು ಸುಂಕ ಕೇಳಿದವು, ಮಾತಿಗೆ ಮಾತು ಬೆಳೆಯಿತು, ಕಾದಾಟವಾಯಿತು. ಕೊನೆಗೆ ಉಳಿದ ಒಬ್ಬ ಬಿಲ್ಲು ಕೆಳಗಿಟ್ಟು ಕೈ ಎತ್ತಿದ. ಕಳ್ಳಿಯ ಪಾತ್ರ ವಹಿಸಿದ್ದ ಗೆಳತಿ ಕಠಾರಿಯಿಂದ ಹೊಡೆದಳು. ಇಪ್ಪತ್ತು ಮುಖದ ದಾಳ ಹದಿನೇಳು ತೋರಿಸಿತು, ಏಟು ತಗುಲಿತು. ಹತ್ತಿರದಿಂದ ಹೊಡೆದ ಏಟಿಗೆ ಎದುರಾಳಿಯ ಹಿಟ್ ಪಾಯಿಂಟ್ ಸೊನ್ನೆಗಿಳಿದರೆ, ಕೊಲ್ಲುವುದೋ ಪ್ರಜ್ಞೆ ತಪ್ಪಿಸುವುದೋ ಎಂಬ ಆಯ್ಕೆ ಹೊಡೆದವರದು. ಕೇಳಿದೆ. ‘ಕೊಲ್ಲುತ್ತೇನೆ’ ಎಂದಳು, ಸಮೋಸಕ್ಕೆ ಕೈ ಚಾಚುತ್ತ.

ಸುಂಕದ ಹಣ ಎಲ್ಲಿದೆಯೆಂದು ತಿಳಿಯಲು ಅರ್ಚಕನ ಪಾತ್ರಧಾರಿ ಹೆಣವನ್ನು ಮಾತನಾಡಿಸುವ ಮಂತ್ರ ಹಾಕಿದ. ಐದೇ ಪ್ರಶ್ನೆಗಳಿಗೆ ಅವಕಾಶ. ಹೆಣಕ್ಕೆ ಬಾಯಿ ಇರಬೇಕು. ಬದುಕಿದ್ದಾಗ ತಿಳಿದಿದ್ದನ್ನಷ್ಟೇ ಅದು ಹೇಳುತ್ತದೆ.

‘ನಿಧಿ ಎಲ್ಲಿ?’

‘ಎರಡು ಮೂಟೆ ಉಪ್ಪಿದೆ. ಗವಿಯಲ್ಲಿ.’

‘ಗವಿಯಲ್ಲಿ ಎಷ್ಟು ಜನ?’

‘ಒಬ್ಬಳು.’

‘ಸುಂಕ ಯಾಕೆ?’

‘ಹಲಗೆ ಕೊಳೆತಿದೆ. ಹೊಸದಕ್ಕೆ ಮರ ಕೊಳ್ಳಬೇಕು.’

ನಾಲ್ಕನೆಯದನ್ನು ಗೆಳತಿಯೇ ಕೇಳಿದಳು: ‘ಕೈ ಎತ್ತಿದೆಯಲ್ಲ, ಏನು ಹೇಳಬೇಕೆಂದಿದ್ದೆ?’

‘ಯಾವ ಹಲಗೆಯ ಮೇಲೆ ಕಾಲಿಡಬಾರದು ಎಂದು.’

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಅದೇ ಹೆಣವನ್ನು ಇನ್ನು ಹತ್ತು ದಿನ ಮಾತನಾಡಿಸುವಂತಿಲ್ಲ. ಯಾವ ಹಲಗೆ ಎಂದು ಕೇಳಲೇಬೇಕೆಂದು ಉಳಿದವರು ಪಟ್ಟು ಹಿಡಿದರು. ಕೆಳಗೆ ನೂರಡಿ ಕಂದರ. ಗೆಳತಿ ಒಪ್ಪಲಿಲ್ಲ. ಚಹಾ ಆರಿತು, ವಾದ ಆರಲಿಲ್ಲ. ಇಷ್ಟು ವರ್ಷ ಈ ಆಟ ಆಡಿದ್ದರೂ ಸತ್ತ ಗಾಬ್ಲಿನ್ ಒಬ್ಬನಿಗಾಗಿ ಜನ ಹೀಗೆ ಜಗಳವಾಡಿದ್ದನ್ನು ನಾನು ಕಂಡಿರಲಿಲ್ಲ, ಕಂಡು ಮನಸ್ಸು ತುಂಬಿತು. ಕೊನೆಗೆ ಅವಳೇ ಕೇಳಿಬಿಟ್ಟಳು: ‘ಗವಿಯಲ್ಲಿರುವವಳು ನಿನಗೆ ಏನಾಗಬೇಕು?’

‘ತಂಗಿ.’

ಸೇತುವೆ ದಾಟುವ ಯೋಚನೆ ಅಲ್ಲಿಗೇ ನಿಂತಿತು. ಹೆಣ ಹೊತ್ತು ಗುಡ್ಡ ಹತ್ತಿದರು. ತಂಗಿ ಗಾಬ್ಲಿನ್ ಆಯುಧ ಎತ್ತಲಿಲ್ಲ. ಕೊಂದವರು ಯಾರೆಂದು ಕೇಳಿದಳು, ಸೇತುವೆಯನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿದಳು. ಎರಡಕ್ಕೂ ಗೆಳತಿ ‘ನಾನು’ ಎಂದಳು. ಐದನೇ ಹಂತಕ್ಕೇರಿದ್ದ ಆ ಕಳ್ಳಿ ಈಗಲೂ ಆ ಕಣಿವೆಯಲ್ಲಿ ಹಲಗೆ ಬದಲಾಯಿಸುತ್ತ, ದಾಟುವವರಿಗೆ ದಾರಿ ತೋರಿಸುತ್ತಿದ್ದಾಳೆ. ಮುಂದಿನ ವಾರ ಗೆಳತಿ ಬೇರೆ ಪಾತ್ರ ಬರೆದುಕೊಂಡು ಬಂದಳು: ಒಬ್ಬ ಬಡಗಿ.