ಬಲಿಪೀಠದ ಕೆಳಗಿನ ಬೀದಿ

ರೋಮಿಗೆ ಹೋದವರೆಲ್ಲ ಯೇಸುವಿನ ಶಿಷ್ಯ ಸಂತ ಪೇತ್ರರ ಹೆಸರಿನ ಮಹಾ ಚರ್ಚಾದ ಬೆಸಿಲಿಕದಲ್ಲಿ ಕತ್ತೆತ್ತಿ ಮೈಕೆಲ್ಯಾಂಜೆಲೊನ ಗುಮ್ಮಟ ನೋಡುತ್ತಾರೆ. ಅದರ ನೇರ ಕೆಳಗೆ, ನೆಲದಡಿಯಲ್ಲಿ, ಸತ್ತವರ ಬೀದಿಯೊಂದಿದೆ. ಅಲ್ಲಿಗಿಳಿಯಲು ವ್ಯಾಟಿಕನ್ನಿನ ಉತ್ಖನನ ಕಚೇರಿಗೆ ಬಹಳ ಮುಂಚೆಯೇ ಇಮೇಲ್ ಬರೆದು ಅನುಮತಿ ಪಡೆಯಬೇಕು. ಬಿಡುವುದು ಸಣ್ಣ ಸಣ್ಣ ಗುಂಪುಗಳನ್ನು ಮಾತ್ರ; ಫೋಟೊ ತೆಗೆಯುವಂತಿಲ್ಲ. ಈ ನಿಷೇಧ ಒಳ್ಳೆಯದೇ, ಜನ ಕಣ್ಣು ಬಿಟ್ಟು ನೋಡುತ್ತಾರೆ.

ಗಾಜಿನ ಬಾಗಿಲು ಸರಿಯುತ್ತಲೇ ತೇವದ ಸೆಕೆ ಮುಖಕ್ಕೆ ಬಡಿಯಿತು. ಇಕ್ಕಟ್ಟಾದ ಓಣಿಯ ಅಕ್ಕಪಕ್ಕ ಇಟ್ಟಿಗೆಯ ಪುಟ್ಟ ಮನೆಗಳು: ಎರಡನೇ ಶತಮಾನದಿಂದೀಚಿನ ರೋಮನ್ ಕುಟುಂಬಗಳ ಸಮಾಧಿಗಳು. ಗೋಡೆಯ ಗೂಡುಗಳಲ್ಲಿ ಚಿತಾಭಸ್ಮದ ಕುಡಿಕೆ, ಕೆಳಗೆ ಕೆತ್ತನೆಯ ಕಲ್ಲಿನ ಶವಪೆಟ್ಟಿಗೆ. ಪೊಪಿಲಿಯಸ್ ಹೆರಾಕ್ಲ ಎಂಬಾತ, ತನ್ನ ಸಮಾಧಿಯನ್ನು ವ್ಯಾಟಿಕನ್ನಿನಲ್ಲಿ ಸರ್ಕಸ್ಸಿನ ಬಳಿ ಕಟ್ಟಿಸಬೇಕೆಂದು ವಾರಸುದಾರರಿಗೆ ಬರೆದಿಟ್ಟ ಮಾತನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಖರ್ಚಿನ ಮೊತ್ತವೂ ಇದೆ: 6,000 ಸೆಸ್ಟರ್ಸ್ ಎಂಬ ರೋಮನ್ ನಾಣ್ಯಗಳು. ಸರ್ಕಸ್ಸೆಂದರೆ ರಥದೋಟದ ಅಂಗಳ. ನೀರೋನ ಕಾಲದಲ್ಲಿ ಪೇತ್ರರನ್ನು ಶಿಲುಬೆಗೇರಿಸಿದ್ದು ಅಲ್ಲೇ ಎಂಬುದು ಪರಂಪರೆಯ ನಂಬಿಕೆ. ಇನ್ನೊಂದು ಕೋಣೆಯ ಚಾವಣಿಯ ಮೊಸಾಯಿಕ್‌ನಲ್ಲಿ ಕ್ರಿಸ್ತ ಸೂರ್ಯದೇವನಂತೆ ತಲೆಯ ಸುತ್ತ ಕಿರಣ ಧರಿಸಿ ರಥವೇರಿದ್ದಾನೆ. ಹಿನ್ನೆಲೆಯ ಹಳದಿ ಇನ್ನೂ ಮಾಸಿಲ್ಲ.

ನಾಲ್ಕನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಇಲ್ಲಿ ಚರ್ಚು ಕಟ್ಟಿಸಲು ಹೊರಟಾಗ ಗುಡ್ಡದ ಒಂದು ಬದಿಯನ್ನು ಕಡಿಸಿ, ಇನ್ನೊಂದು ಬದಿಗೆ ಮಣ್ಣು ತುಂಬಿಸಿದ. ಈ ಮನೆಗಳ ಚಾವಣಿ ಒಡೆಸಿ, ಹೂತುಬಿಟ್ಟ. ಸಮಾಧಿಗಳನ್ನು ಕೆಡಿಸುವುದು ರೋಮನ್ನರ ಕಾನೂನಿನಲ್ಲಿ ಅಪರಾಧ. ಪಕ್ಕದಲ್ಲೇ ಸಮತಟ್ಟಾದ ಜಾಗವಿದ್ದರೂ ಇಳಿಜಾರಿನ ಇದೊಂದೇ ಬಿಂದುವಿನ ಮೇಲೆ ಬಲಿಪೀಠ ಬರಲೇಬೇಕೆಂದು ಹಟ ಹಿಡಿದನೆಂದರೆ, ಪೇತ್ರರು ಮಲಗಿರುವುದು ಇಲ್ಲೇ ಎಂದು ಆ ಕಾಲದವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲವೆಂದೇ ಅರ್ಥ. ನನ್ನ ಮಟ್ಟಿಗೆ, ಇಲ್ಲಿ ಸಿಕ್ಕ, ಪೇತ್ರರವೆನ್ನುವ ಎಲುಬುಗಳಿಗಿಂತ ದೊಡ್ಡ ಸಾಕ್ಷಿ ಇದು.

ಏಕೆಂದರೆ ಎಲುಬಿನ ಕಥೆ ಬಲು ಗೋಜಲು. 1940ರ ದಶಕದಲ್ಲಿ, ಹನ್ನೆರಡನೇ ಪಯಸ್ ಪೋಪರ ಆಣತಿಯಂತೆ ಅಗೆದವರಿಗೆ ಕೆಂಪು ಗಾರೆಯ ಗೋಡೆ, ಅದಕ್ಕೆ ಆನಿಸಿ ಸುಮಾರು 160ರಲ್ಲಿ ಕಟ್ಟಿದ ಪುಟ್ಟ ಸ್ಮಾರಕ, ಭಕ್ತರು ಗೀಚಿದ ಬರಹಗಳಿಂದ ತುಂಬಿದ ಇನ್ನೊಂದು ಗೋಡೆ ಸಿಕ್ಕವು. ಆ ಗೋಡೆಯೊಳಗಿನ ಗೂಡಿನಿಂದ ಎಲುಬುಗಳನ್ನು ಉಸ್ತುವಾರಿಯ ಪಾದ್ರಿ ಲುಡ್ವಿಗ್ ಕಾಸ್ ಪುರಾತತ್ತ್ವಜ್ಞರಿಗೆ ತಿಳಿಸದೆ ತೆಗೆಸಿ ಪೆಟ್ಟಿಗೆಯಲ್ಲಿ ಇಡಿಸಿದ್ದರೆಂದು ಶಾಸನತಜ್ಞೆ ಮಾರ್ಗರಿಟಾ ಗ್ವಾರ್ಡುಚಿ ವರ್ಷಗಳ ನಂತರ ವಾದಿಸಿದರು. 1968ರಲ್ಲಿ ಆರನೇ ಪಾಲ್ ಪೋಪರು ಅವು ಪೇತ್ರರವೇ ಎಂದು ನಂಬಬಹುದೆಂದು ಸಾರಿದರು. ಅಗೆದವರಲ್ಲೇ ಒಬ್ಬರಾದ ಜೆಸ್ವಿತ್ ಪಾದ್ರಿ ಅಂತೋನಿಯೊ ಫೆರುವಾ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಕೊನೆಗೆ ಸ್ಮಾರಕದ ಮುಂದೆ ನಿಂತೆವು. ಉಳಿದಿರುವ ಬಿಳಿ ಕಂಬವೊಂದು ಕಂಡಿತು. ಗೋಡೆಯ ಸಂದಿನಲ್ಲಿ, ಪಾರದರ್ಶಕ ಡಬ್ಬಿಗಳೊಳಗೆ, ಎಲುಬಿನ ತುಣುಕುಗಳು. ಒಬ್ಬೊಬ್ಬರಾಗಿ ಬಗ್ಗಿ ನೋಡಬೇಕು, ಹಿಂದಿನವರಿಗೆ ಜಾಗ ಬಿಡಬೇಕು. ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಬಗ್ಗಿದವರು ಏಳಲೇ ಇಲ್ಲ. ಮಾರ್ಗದರ್ಶಿ ಗಡಿಯಾರ ನೋಡಿಕೊಂಡರೇ ಹೊರತು ಅವರನ್ನು ಕರೆಯಲಿಲ್ಲ.