ಏಪ್ರಿಲ್ ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ವಿಜಾಪುರಕ್ಕಾ?

"ಊರಿನವರೆಲ್ಲ ಊಟಿ, ಮಡಿಕೇರಿ ಅಂತ ಹೊರಟರೆ ನೀವು ವಿಜಾಪುರಕ್ಕೆ ಹೋಗ್ತೀರಲ್ಲ, ಅದೂ ಇಬ್ಬರು ಮಕ್ಕಳನ್ನು ಕಾರಲ್ಲಿ ತುಂಬಿಕೊಂಡು. ತಲೆ ಸರಿ ಇದೆಯಾ?" ಮಾರ್ಚ್ ಮುಗಿಯುವ ಹೊತ್ತಿಗೆ ಆಫೀಸಲ್ಲಿ, ಲಿಫ್ಟಲ್ಲಿ, ಶಾಲೆಯ ಗೇಟಿನ ಮುಂದೆ ನನಗೆ ಇದೇ ಪ್ರಶ್ನೆ. ತಲೆಯ ವಿಚಾರ ನನ್ನ ಗಂಡನನ್ನು ಕೇಳಿ. ಉಳಿದದ್ದಕ್ಕೆ ಉತ್ತರ ಹೇಳುತ್ತೇನೆ.

ನನ್ನ ತವರು ಹಿರಿಯೂರು. ಅತ್ತೆಮನೆ ವಿಜಾಪುರ (ವಿಜಯಪುರ ಅಂತ ಬೋರ್ಡು ಬದಲಾಗಿದೆ, ಮನೆಯವರ ಬಾಯಿ ಬದಲಾಗಿಲ್ಲ). ನಾವಿರುವ ಬೆಂಗಳೂರಿಂದ ಚಿತ್ರದುರ್ಗದ ತನಕ 48ನೇ ಹೆದ್ದಾರಿ, ಅಲ್ಲಿಂದ ಹೊಸಪೇಟೆ, ಕುಷ್ಟಗಿ, ಇಳಕಲ್ಲು ದಾಟುವ 50ನೇ ಹೆದ್ದಾರಿ. ನಮ್ಮ ನೆಂಟರೆಲ್ಲ ಈ ದಾರಿಯ ಆಚೀಚೆಯೇ ಇದ್ದಾರೆ. 500 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಳಗಿನ ಜಾವ ಬಿಟ್ಟರೆ ಸಂಜೆಗೆ ಮುಟ್ಟಬಹುದು. ನಾವು ನಾಲ್ಕು ದಿನ ತಗೊಳ್ತೀವಿ.

ಮೊದಲ ಸಲ ಹಾಗಿರಲಿಲ್ಲ. ನೋಡುವ ಜಾಗಗಳನ್ನು ಮೊದಲು ಬರೆದುಕೊಂಡು, ನೆಂಟರನ್ನು ಉಳಿದ ಸಮಯಕ್ಕೆ ತುರುಕಿದ್ದೆ. ಹೊರಡುವ ಮುಂಚೆ ಚಿಕ್ಕವನಿಗೆ ಲೋಟದ ತುಂಬ ಹಾಲು ಕುಡಿಸಿದ್ದು ಬೇರೆ. ತುಮಕೂರು ಬರುವ ಮುಂಚೆಯೇ ಆ ಹಾಲು ಹಿಂದಿನ ಸೀಟಿನ ಮೇಲಿತ್ತು. ಮರುದಿನ ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ಅಂಗಳಕ್ಕೆ ಕಾಲಿಟ್ಟಾಗ ಮಧ್ಯಾಹ್ನ ಹನ್ನೆರಡೂವರೆ. ಕಲ್ಲು ಕಾದ ಹೆಂಚು. 50 ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥ ಇದೇ ಅಂತ ನೋಟು ತೆಗೆದು ತೋರಿಸಿದರೆ, ಮಗಳು ನೋಟು ಕಿತ್ತುಕೊಂಡು "ಇದ್ರಲ್ಲಿ ಐಸ್‌ಕ್ರೀಂ ಬರುತ್ತಾ?" ಅಂದಳು. ಅವತ್ತು ರಥ ಸರಿಯಾಗಿ ನೋಡಿದವಳು ನಾನೊಬ್ಬಳೇ. ರಾತ್ರಿ ಲಾಡ್ಜಿನಲ್ಲಿ ಎಲ್ಲರಿಗೂ ತಲೆನೋವು.

ವಿಜಾಪುರ ಮುಟ್ಟಿದ ಮೇಲೆ ಗಂಡನ ದೊಡ್ಡವ್ವ ಮಾತೇ ಆಡಲಿಲ್ಲ. ಊಟಕ್ಕೆ ಬಡಿಸುವಾಗ ಕೇಳಿದ್ದು ಒಂದೇ ಮಾತು: "ಹೊಸಪ್ಯಾಟ್ಯಾಗ ನನ್ನ ತಂಗಿ ಮನಿ ಇತ್ತು. ಲಾಡ್ಜಿನ್ಯಾಗ ಯಾಕ ಇಳದ್ರಿ?"

ಆಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ನಮ್ಮ ಪ್ರವಾಸದ ತೊಂದರೆಗೆ ಮದ್ದು ಆ ಪ್ರಶ್ನೆಯಲ್ಲೇ ಇತ್ತು. ಬಯಲುಸೀಮೆಯ ಬೇಸಿಗೆಯಲ್ಲಿ ಹೊರಗೆ ತಿರುಗಲು ಆಗುವುದು ಬೆಳಿಗ್ಗೆ ಹತ್ತರ ತನಕ, ಮತ್ತೆ ಸಂಜೆ ಐದರ ಮೇಲೆ. ನಡುವಿನ ಏಳು ಗಂಟೆಗೆ ಬೇಕಿರುವುದು ಫ್ಯಾನು, ತಣ್ಣನೆಯ ನೆಲ, ಮಜ್ಜಿಗೆ, ಜೊತೆಗೆ ಆಡಲು ನಾಲ್ಕು ಮಕ್ಕಳು. ಇಷ್ಟೂ ಒಂದೇ ಕಡೆ ಯಾವ ಹೋಟೆಲಲ್ಲಿ ಸಿಗುತ್ತದೆ? ಈಗ ಮೊದಲು ಮನೆಗಳನ್ನು ಬರೆದುಕೊಳ್ಳುತ್ತೇನೆ, ಆಮೇಲೆ ಆಯಾ ಮನೆಯ ಹತ್ತಿರ ಬೆಳಗಿನ ಹೊತ್ತಿಗೆ ಒಂದೇ ಒಂದು ಜಾಗ. ಎರಡನೆಯದರ ಆಸೆ ಬೇಡ.

ಹಿರಿಯೂರಲ್ಲಿದ್ದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಕಥೆ ಕೇಳಿಕೊಂಡೇ ನಾವು ಬೆಳೆದೆವು, ಕಂಡವರು ಯಾರೂ ಇರಲಿಲ್ಲ. 89 ವರ್ಷ ಕಳೆದು 2022ರಲ್ಲಿ ಮತ್ತೆ ಕೋಡಿ ಬಿತ್ತು. ಆಗ ನೋಡಿ ಬಂದ ನಮ್ಮಪ್ಪ ಏರಿಯ ಮೇಲೆ ನಿಂತು ಮೊಮ್ಮಕ್ಕಳಿಗೆ ಅದನ್ನು ಹೇಳುವುದನ್ನು ನೀವು ಕೇಳಬೇಕು. ವರ್ಷದಿಂದ ವರ್ಷಕ್ಕೆ ಆ ಕಥೆಯಲ್ಲಿ ನೀರು ಹೆಚ್ಚುತ್ತಿದೆ. ದುರ್ಗದ ಕೋಟೆಗೆ ಚಿಕ್ಕಪ್ಪನ ಮಕ್ಕಳ ಜೊತೆ ಬಿಸಿಲೇರುವ ಮುಂಚೆ ಹೋಗುತ್ತೇವೆ. ಓಬವ್ವನ ಕಿಂಡಿಯಲ್ಲಿ ಯಾರು ನುಸುಳುವ ವೈರಿ, ಯಾರ ಕೈಲಿ ಒನಕೆ ಅನ್ನುವ ಜಗಳ ಮುಗಿಯುವುದೇ ಇಲ್ಲ.

ಹಾಲು ಈಗ ಬಂದ್. ಒಣ ಅವಲಕ್ಕಿ, ಮಂಡಕ್ಕಿ, ಮೂಸಲು ಒಂದು ನಿಂಬೆಹಣ್ಣು, ಅಷ್ಟೇ. ಹುನಗುಂದ ದಾಟಿ ಬಾದಾಮಿ ಕಡೆ ಹೊರಳಿದರೆ ಅಮೀನಗಡದಲ್ಲಿ ಕರದಂಟಿಗೆ ಕಾರು ತಾನೇ ನಿಲ್ಲುತ್ತದೆ. ಬಾದಾಮಿ ಗುಹೆಗಳ ಹತ್ತಿರ ಮಾತ್ರ ಅದನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ನಮ್ಮದು ಕೋತಿಯ ಪಾಲಾಗಿದೆ.

ಕಳೆದ ವರ್ಷ ದೊಡ್ಡವ್ವನನ್ನೂ ಗೋಳಗುಮ್ಮಟಕ್ಕೆ ಹೊರಡಿಸಿದೆವು. ಅದೇ ಊರಲ್ಲಿ ಬಾಳಿದವರು, ಮೇಲೆ ಹತ್ತಿ ಮೂವತ್ತು ವರ್ಷವಾಗಿತ್ತಂತೆ. "ನನ್ನ ಮೊಣಕಾಲು ಏಳಂತಸ್ತು ಏರಂಗಿಲ್ಲವ್ವಾ" ಅಂತ ಕೆಳಗೆ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತರು. 1656ರಲ್ಲಿ ಮುಗಿದ ಗುಮ್ಮಟ, ಹೊರಸುತ್ತಿನ ಅಡ್ಡಗಲ 44 ಮೀಟರ್, ನಡುವೆ ಒಂದು ಕಂಬವೂ ಇಲ್ಲ ಅಂತ ನಾನು ವಿವರಿಸುತ್ತಿದ್ದರೆ ಕೇಳುವವರು ಯಾರು? ಚಿಕ್ಕವನು ಗ್ಯಾಲರಿಯ ಗೋಡೆಗೆ ಬಾಯಿ ಹಚ್ಚಿ ಅಕ್ಕನಿಗೆ ಪಿಸುಗುಟ್ಟಿದ: "ಡಬ್ಬೀಲಿದ್ದ ಶೇಂಗಾ ಹೋಳಿಗೆ ತಿಂದಿದ್ದು ನಾನೇ." ಆ ಕಡೆ ಗೋಡೆಗೆ ಕಿವಿ ಕೊಟ್ಟು ನಿಂತಿದ್ದವರು ಅವರಪ್ಪ. ಕೆಳಗಿಳಿಯುವ ಹೊತ್ತಿಗೆ ಸುದ್ದಿ ದೊಡ್ಡವ್ವನನ್ನೂ ಮುಟ್ಟಿತ್ತು. ಅವರು ನಕ್ಕು, ಬುತ್ತಿಯಲ್ಲಿ ಉಳಿದಿದ್ದ ಒಂದನ್ನೂ ಅವನ ಕೈಗಿಟ್ಟರು.

ಎಲ್ಲವೂ ಸಲೀಸು ಅಂತಲ್ಲ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆ ಬಿಟ್ಟರೆ ದೀಪಾವಳಿ ತನಕ ಮಾತು ಕೇಳಬೇಕು. ಹೋದಲ್ಲೆಲ್ಲ "ಇನ್ನೊಂದು ದಿನ ಇರ್ರಿ", "ಹುಡುಗ ಸೊರಗ್ಯಾನ" ಇದ್ದದ್ದೇ.

ಮೊನ್ನೆ ದೊಡ್ಡವ್ವ ಫೋನು ಮಾಡಿ ಈ ಸಲ ಎಷ್ಟು ದಿನ ಅಂದರು. ಎರಡು ದಿನ ಅಂದೆ.

"ಎರಡು ದಿನಕ್ಕ ಬರೋರು ಗುಮ್ಮಟ ನೋಡಾಕ ಬರ್ತಾರ. ನೀವೂ ಅದಕ್ಕ ಬರಾಕತ್ತೀರೇನು?"

ರಜೆ ಅರ್ಜಿ ತಿದ್ದಿದ್ದೇನೆ. ಐದು.