ಗರ್ಭಿಣಿಯ ಮೈ ಮಗುವನ್ನು ಯಾಕೆ ಹೊರಗೆ ತಳ್ಳುವುದಿಲ್ಲ?

"ಬೇರೆಯವರ ಕಿಡ್ನಿ ಹಾಕಿಸಿಕೊಂಡರೆ ಮೈ ಒಪ್ಪುವುದಿಲ್ಲ, ಜೀವನಪೂರ್ತಿ ಮಾತ್ರೆ ನುಂಗಬೇಕು. ಮಗುವಿನ ಅರ್ಧ ಜೀನ್‌ಗಳು ಅಪ್ಪನವು. ಅದನ್ನು ಮಾತ್ರ ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ?" ಜೀವಶಾಸ್ತ್ರದ ಮಾತು ಬಂದಲ್ಲೆಲ್ಲ ಯಾರಾದರೂ ಒಬ್ಬರು ನನಗೆ ಇದನ್ನು ಕೇಳಿಯೇ ಕೇಳುತ್ತಾರೆ. 1953ರಲ್ಲಿ ಪೀಟರ್ ಮೆಡವಾರ್ ಎಂಬ ವಿಜ್ಞಾನಿ ಕೇಳಿದ್ದೂ ಇದನ್ನೇ.

ಕೇಳಿದವರೇ ಉತ್ತರವನ್ನೂ ಹೇಳಿಬಿಡುತ್ತಾರೆ: "ಬಸುರಿಯಲ್ಲಿ ರೋಗನಿರೋಧಕ ಶಕ್ತಿ ಮಂಕಾಗಿರುತ್ತೆ, ಅದಕ್ಕೇ ಅಲ್ವಾ?" ಮೆಡವಾರ್ ಮುಂದಿಟ್ಟ ಊಹೆಗಳಲ್ಲಿ ಇದೂ ಒಂದಾಗಿತ್ತು. ಆದರೆ ರಕ್ತದ ಗುಂಪಿನ ಆರ್‌ಎಚ್ ತೊಂದರೆ ನೋಡಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ, ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ಬೆರೆತರೂ ಸಾಕು, ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸಿಬಿಡಬಹುದು. ಮುಂದಿನ ಮಗುವೂ ಪಾಸಿಟಿವ್ ಆದರೆ ಅದರ ರಕ್ತಕಣಗಳನ್ನು ಆ ಪ್ರತಿಕಾಯ ಒಡೆಯಬಹುದು. ಆಂಟಿ-ಡಿ ಇಂಜೆಕ್ಷನ್ ಕೊಡುವುದು ಇದನ್ನು ತಡೆಯಲೆಂದೇ. ಮಂಕಾದ ಮೈ ಇಷ್ಟು ಚುರುಕಾಗಿರುತ್ತದಾ?

ಗುಟ್ಟು ಇರುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ತಾಯಿಯ ರಕ್ತಕ್ಕೆ ನೇರ ತಾಗುವುದು ಮಗುವಲ್ಲ, ಮಾಸಿನ ಹೊರಪದರ. ಅಲ್ಲಿ ಜೀವಕೋಶಗಳು ಒಂದಕ್ಕೊಂದು ಬೆಸೆದು ಒಂದೇ ಹಾಳೆಯಾಗಿವೆ. ನಡುವೆ ಸಂದಿಯೇ ಇಲ್ಲ, ಹಾಗಾಗಿ ತಾಯಿಯ ಬಿಳಿ ರಕ್ತಕಣ ನುಸುಳುವುದು ಕಷ್ಟ. ಕಿಡ್ನಿ ಕಸಿಗೆ ಡಾಕ್ಟರು ತಾಳೆ ನೋಡುವ ಎಚ್‌ಎಲ್‌ಎ-ಎ, ಎಚ್‌ಎಲ್‌ಎ-ಬಿ ಗುರುತುಗಳೂ ಆ ಪದರದ ಮೇಲೆ ಇರುವುದಿಲ್ಲ. ಮಾಸಿನಿಂದ ಗರ್ಭಕೋಶದ ಗೋಡೆಯೊಳಗೆ ಇಳಿಯುವ ಕೋಶಗಳು ಎಚ್‌ಎಲ್‌ಎ-ಜಿ ಎಂಬ ಬೇರೆಯದೇ ಗುರುತು ತೋರಿಸುತ್ತವೆ. ಅದು ತಾಯಿಯ ರಕ್ಷಣಾ ಕೋಶಗಳನ್ನು ತಣ್ಣಗಾಗಿಸುತ್ತದೆ. ಜಗಳ ಬಿಡಿಸುವ ಟಿ-ರೆಗ್ ಕೋಶಗಳೂ ಜೊತೆಗಿವೆ.

ನನಗೆ ತುಂಬಾ ಇಷ್ಟವಾಗುವುದು ಎನ್‌ಕೆ ಕೋಶಗಳ ಕಥೆ. ಹೆಸರೇ 'ನ್ಯಾಚುರಲ್ ಕಿಲ್ಲರ್'. ಮೊದಲ ಮೂರು ತಿಂಗಳು ಗರ್ಭಕೋಶದ ಒಳಪದರದಲ್ಲಿರುವ ರಕ್ಷಣಾ ಕೋಶಗಳಲ್ಲಿ ಸುಮಾರು 70% ಇವೇ. ಆದರೆ ಅಲ್ಲಿ ಕೊಲ್ಲುವ ಕೆಲಸ ಕಡಿಮೆ. ತಾಯಿಯ ಸುರುಳಿ ರಕ್ತನಾಳಗಳು ಅಗಲವಾಗಲು ನೆರವಾಗುತ್ತವೆ, ಮಗುವಿಗೆ ಬೇಕಾದಷ್ಟು ರಕ್ತ ಹರಿಯಲಿ ಅಂತ. ಆ ನಾಳಗಳು ಸರಿಯಾಗಿ ಅಗಲವಾಗದಿದ್ದರೆ ಬಿಪಿ ಏರುವ ಪ್ರೀಎಕ್ಲಾಂಪ್ಸಿಯಾ ಬರುವ ಸಾಧ್ಯತೆ ಹೆಚ್ಚು.

"ಅರ್ಧ ಅಮ್ಮನದೇ ಅಲ್ವಾ, ಅದಕ್ಕೆ ಒಪ್ಪುತ್ತೆ" ಅನ್ನುವವರೂ ಇದ್ದಾರೆ. ಬೇರೊಬ್ಬರ ಅಂಡಾಣುವಿನಿಂದ ಬಸುರಾದವರಲ್ಲಿ ಮಗು ಪೂರ್ತಿ ಹೊರಗಿನದೇ. ಆದರೂ ಮೈ ಅದನ್ನು ಹೊರುತ್ತದೆ. ಪ್ರೀಎಕ್ಲಾಂಪ್ಸಿಯಾ ಮಾತ್ರ ಅಂಥವರಲ್ಲಿ ಜಾಸ್ತಿ, ಹಾಗಾಗಿ ಡಾಕ್ಟರು ಅವರ ಬಿಪಿಯ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ.